ಪಿಆರ್ ಸಿಗೋದು ಕೆನಡಾದಲ್ಲಿ, ದಾಖಲೆ ಹುಟ್ಟೋದು ನಮ್ಮ ತಾಲೂಕಲ್ಲಿ: ಒಂದು ಸುಳ್ಳು ಪತ್ರಕ್ಕೆ 5 ವರ್ಷ ಬಾಗಿಲು ಬಂದ್

ಕೆನಡಾದ ಬಾಗಿಲು ಚಿಕ್ಕದಾಗ್ತಿದೆ. 2025ರಲ್ಲಿ 5 ಲಕ್ಷ ಜನರಿಗೆ ಪಿಆರ್, ಅಂದರೆ ಕಾಯಂ ವಾಸದ ಅನುಮತಿ ಕೊಡ್ತೀವಿ ಎಂದಿದ್ದ ಅಲ್ಲಿನ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಆ ಗುರಿಯನ್ನು 3.95 ಲಕ್ಷಕ್ಕೆ ಇಳಿಸಿತು. ಪೈಪೋಟಿ ಹೆಚ್ಚಾದಷ್ಟೂ ದಾಖಲೆಯ ಸಣ್ಣ ತಪ್ಪೂ ದುಬಾರಿ ಆಗುತ್ತೆ.

ಇದಕ್ಕೂ ನಮ್ಮ ಪೇಟೆ ಬೀದಿಗೂ ಏನು ಸಂಬಂಧ ಅಂತೀರಾ? ಅರ್ಜಿ ಆನ್‌ಲೈನ್‌ನಲ್ಲಿ ಹೋಗುತ್ತೆ ನಿಜ. ಆದರೆ ಅದರ ಜೊತೆ ಹೋಗೋ ಅನುಭವ ಪತ್ರ, ಬ್ಯಾಂಕ್ ಪತ್ರ, ಮದುವೆ ನೋಂದಣಿ ಪತ್ರ ಎಲ್ಲಾ ಇಲ್ಲೇ ಸಹಿ ಆಗೋದು. ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಆಹ್ವಾನ ಬಂದ ಮೇಲೆ ಪೂರ್ತಿ ಅರ್ಜಿ ಹಾಕೋಕೆ ಸಿಗೋದು ಬರೀ 60 ದಿನ. ನಮ್ಮ ಕಚೇರಿಗಳ ‘ನಾಳೆ ಬನ್ನಿ’ ಲೆಕ್ಕದಲ್ಲಿ 60 ದಿನ ಏನೇನೂ ಅಲ್ಲ.

ಅಂಗಡಿಯವರ ಸಹಿ

ನಿಮ್ಮಲ್ಲಿ ಕೆಲಸ ಮಾಡಿದ ಹುಡುಗ ಅನುಭವ ಪತ್ರ ಕೇಳಿದರೆ ‘ಒಳ್ಳೆಯ ಹುಡುಗ’ ಅಂತ ಎರಡು ಸಾಲು ಬರೆದರೆ ನಡೆಯಲ್ಲ. ಲೆಟರ್‌ಹೆಡ್‌ನಲ್ಲಿ ವಿಳಾಸ, ಫೋನ್ ನಂಬರ್, ಹುದ್ದೆ, ಯಾವಾಗಿಂದ ಯಾವಾಗಿನವರೆಗೆ, ಏನೇನು ಕೆಲಸ, ವಾರಕ್ಕೆ ಎಷ್ಟು ಗಂಟೆ, ಸಂಬಳ ಎಷ್ಟು ಎಲ್ಲಾ ಇರಬೇಕು. ಕೌಂಟರ್‌ನಲ್ಲಿ ನಿಂತವನನ್ನು ‘ಮ್ಯಾನೇಜರ್’ ಅಂತ ಬರೆದುಕೊಡೋದು ಉಪಕಾರ ಅಲ್ಲ. ಅಧಿಕಾರಿಗಳು ಅದೇ ನಂಬರ್‌ಗೆ ಫೋನ್ ಮಾಡಿ ವಿಚಾರಿಸಬಹುದು. ಸುಳ್ಳು ಅಂತ ಸಾಬೀತಾದರೆ ಅರ್ಜಿದಾರನಿಗೆ ಕೆನಡಾ ಪ್ರವೇಶವೇ 5 ವರ್ಷ ಬಂದ್. ಸಹಿ ನಿಮ್ಮದು, ಶಿಕ್ಷೆ ಅವನಿಗೆ.

ಕೈಸಾಲದ ದುಡ್ಡು

ಅಲ್ಲಿ ಈಗಾಗಲೇ ಕೆಲಸದಲ್ಲಿದ್ದು, ಆ ಅನುಭವದ ವಿಭಾಗದಲ್ಲಿ ಅರ್ಜಿ ಹಾಕೋರಿಗೆ ಹಣದ ಪುರಾವೆ ಬೇಕಿಲ್ಲ. ಇಲ್ಲಿಂದ ಹೋಗೋರಲ್ಲಿ ಹೆಚ್ಚಿನವರು ತೋರಿಸಲೇಬೇಕು. 2025ರ ಜುಲೈನಿಂದ ಒಬ್ಬರಿಗೆ 15,263 ಕೆನಡಾ ಡಾಲರ್, ಅಂದರೆ ಹತ್ತಿರ ಹತ್ತಿರ 10 ಲಕ್ಷ ರೂಪಾಯಿ. ಈ ಮೊತ್ತ ವರ್ಷ ವರ್ಷ ಬದಲಾಗುತ್ತೆ. ಜಮೀನು, ಸೈಟಿನ ಬೆಲೆ ಲೆಕ್ಕಕ್ಕೆ ಬರಲ್ಲ. ಪಹಣಿ ತೋರಿಸಿ ಪ್ರಯೋಜನ ಇಲ್ಲ.

‘ಎರಡು ತಿಂಗಳು ಅಕೌಂಟ್‌ನಲ್ಲಿ ಇಟ್ಟು ವಾಪಸ್ ಕೊಡ್ತೀನಿ’ ಅಂತ ಕೈಸಾಲ ತಗೊಳ್ಳೋದು ನಿಯಮಕ್ಕೇ ವಿರುದ್ಧ. ಬ್ಯಾಂಕ್ ಪತ್ರದಲ್ಲಿ ಈಗಿನ ಬಾಕಿ, ಹಿಂದಿನ 6 ತಿಂಗಳ ಸರಾಸರಿ, ಇರೋ ಸಾಲ ಎಲ್ಲಾ ಬರಬೇಕು. ದಿಢೀರ್ ಬಂದ ದುಡ್ಡು ಅಲ್ಲೇ ಕಣ್ಣಿಗೆ ಬೀಳುತ್ತೆ. ಅಪ್ಪ ಅಮ್ಮ ಕೊಡೋದಾದರೆ ವಾಪಸ್ ಕೇಳಲ್ಲ ಅಂತ ಬರವಣಿಗೆಯಲ್ಲೇ ಕೊಡಲಿ.

ಇನಿಷಿಯಲ್ ತಲೆನೋವು

ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಎಚ್.ಎಸ್.’, ಪಾಸ್‌ಪೋರ್ಟ್‌ನಲ್ಲಿ ಊರು, ಅಪ್ಪನ ಹೆಸರು ಸೇರಿಸಿ ಉದ್ದದ ಹೆಸರು, ಆಧಾರ್‌ನಲ್ಲಿ ಮತ್ತೊಂದು. ನಮಗೆ ಒಬ್ಬನೇ ಮಂಜ, ಅಲ್ಲಿನ ಅಧಿಕಾರಿಗೆ ಮೂವರು. ಕನ್ನಡದಲ್ಲಷ್ಟೇ ಇರೋ ಹಳೇ ಪತ್ರಗಳಿಗೆ ಇಂಗ್ಲಿಷ್ ಅಥವಾ ಫ್ರೆಂಚ್ ಅನುವಾದವೂ ಬೇಕು. ಅದನ್ನು ಅರ್ಜಿದಾರನಾಗಲಿ ಮನೆಯವರಾಗಲಿ ಮಾಡಂಗಿಲ್ಲ.

ಹಾಗಾಗಿ ಆಹ್ವಾನ ಬರೋ ಮುಂಚೆಯೇ ಕೆಲಸ ಶುರು ಆಗಬೇಕು. ವಿದೇಶದ ಸಂಸ್ಥೆಯಿಂದ ಪದವಿ ಮೌಲ್ಯಮಾಪನಕ್ಕೆ ವಿಶ್ವವಿದ್ಯಾಲಯದ ಟ್ರಾನ್ಸ್‌ಕ್ರಿಪ್ಟ್ ಬೇಕು. ವಿಟಿಯು ಆದರೆ ಬೆಳಗಾವಿ ತನಕ ವ್ಯವಹಾರ. ಆ ಮೌಲ್ಯಮಾಪನ 5 ವರ್ಷ, ಭಾಷಾ ಪರೀಕ್ಷೆ ಫಲಿತಾಂಶ 2 ವರ್ಷ ಮಾತ್ರ ಚಾಲ್ತಿ. ಪೊಲೀಸ್ ಕ್ಲಿಯರೆನ್ಸ್‌ಗೆ ಪಾಸ್‌ಪೋರ್ಟ್ ಕಚೇರಿಗೇ ಅರ್ಜಿ ಹಾಕಬೇಕು. ಠಾಣೆಯಲ್ಲಿ ಕೊಡೋ ಚೀಟಿ ಸಾಲಲ್ಲ. ವೈದ್ಯಕೀಯ ಪರೀಕ್ಷೆಯನ್ನೂ ಕೆನಡಾ ಒಪ್ಪಿದ ಪಟ್ಟಿಯ ವೈದ್ಯರೇ ಮಾಡಬೇಕು.

‘ಪಿಆರ್ ಗ್ಯಾರಂಟಿ’ ಬೋರ್ಡು

ಇನ್ನು ಏಜೆಂಟರು. ಕೆಲಸದ ಆಫರ್ ಕೊಡಿಸಿ ಪಾಯಿಂಟ್ ಜಾಸ್ತಿ ಮಾಡ್ತೀವಿ ಅನ್ನೋರನ್ನು ನಂಬಬೇಡಿ. ಆ ಪಾಯಿಂಟ್‌ಗಳನ್ನೇ ಕೆನಡಾ 2025ರ ಮಾರ್ಚ್‌ನಲ್ಲಿ ತೆಗೆದುಹಾಕಿದೆ. ದುಡ್ಡು ತಗೊಂಡು ಅರ್ಜಿದಾರನ ಪರ ವ್ಯವಹರಿಸೋಕೆ ಅಲ್ಲಿನ ಪರವಾನಗಿ ಇರೋ ಸಲಹೆಗಾರರು, ವಕೀಲರಂಥವರಿಗೆ ಮಾತ್ರ ಅಧಿಕಾರ. ಮುಂಗಡ ಕೊಡೋ ಮೊದಲು ಪರವಾನಗಿ ನಂಬರ್ ಕೇಳಿ, ವೆಬ್‌ಸೈಟ್‌ನಲ್ಲಿ ನೀವೇ ಹುಡುಕಿ ನೋಡಿ. ಏಜೆಂಟ್ ಸುಳ್ಳು ದಾಖಲೆ ಹಾಕಿದರೂ ಹೊಣೆ ಅರ್ಜಿದಾರನದ್ದೇ.

ಮಕ್ಕಳಿಗೆ ನಿಜವಾಗಿ ಸಹಾಯ ಮಾಡಬೇಕು ಅಂದರೆ ಇದ್ದದ್ದನ್ನು ಇದ್ದಂಗೆ ಬರೆದುಕೊಡಿ, ಬೇಗ ಬರೆದುಕೊಡಿ. ಅಷ್ಟು ಸಾಕು.