ಮುಖ ಮಾತ್ರ ಸಾಲದು, ಊರೂ ಬೇಕು

2014ರ ಸೆಪ್ಟೆಂಬರ್‌ನಲ್ಲಿ ದೆಹಲಿಗೆ ಬಂದಿದ್ದ ಆಸ್ಟ್ರೇಲಿಯಾದ ಆಗಿನ ಪ್ರಧಾನಿ ಟೋನಿ ಅಬಾಟ್ ಎರಡು ಶಿಲ್ಪಗಳನ್ನು ಭಾರತಕ್ಕೆ ಒಪ್ಪಿಸಿದರು. ಒಂದು, ತಮಿಳುನಾಡಿನ ಶ್ರೀಪುರಂತಾನ್ ಗ್ರಾಮದ ದೇವಸ್ಥಾನದಿಂದ ಕಳವಾಗಿದ್ದ ಚೋಳರ ಕಾಲದ ಕಂಚಿನ ನಟರಾಜ. ಇನ್ನೊಂದು, ವೃದ್ಧಾಚಲಂ ದೇವಸ್ಥಾನದ ಹೊರಗೋಡೆಯ ಗೂಡಿನಲ್ಲಿದ್ದ ಕಲ್ಲಿನ ಅರ್ಧನಾರೀಶ್ವರ. ನಟರಾಜನಿಗಾಗಿ ಕ್ಯಾನ್‌ಬೆರಾದ ರಾಷ್ಟ್ರೀಯ ಗ್ಯಾಲರಿ 2008ರಲ್ಲಿ ಸುಮಾರು 50 ಲಕ್ಷ ಅಮೆರಿಕನ್ ಡಾಲರ್ ತೆತ್ತಿತ್ತು. ಎರಡನ್ನೂ ಮಾರಿದ್ದವನು ನ್ಯೂಯಾರ್ಕಿನ ಕಲಾವಸ್ತು ವ್ಯಾಪಾರಿ ಸುಭಾಷ್ ಕಪೂರ್. ಹಳೆಯ ಮಾಲೀಕತ್ವ ತೋರಿಸುವ ಕಾಗದಪತ್ರಗಳನ್ನೂ ಅವನೇ ಸೃಷ್ಟಿಸಿ ಕೊಟ್ಟಿದ್ದ.

ಆ ಕಾಗದಗಳ ಬಣ್ಣ ಬಯಲು ಮಾಡಿದ್ದು ಫೋಟೊಗಳು. ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಯ ವಿದ್ವಾಂಸರು 1956ರಿಂದ ದಕ್ಷಿಣ ಭಾರತದ ದೇವಸ್ಥಾನಗಳನ್ನು ಒಂದೊಂದಾಗಿ ಸುತ್ತಿ, ಮೂರ್ತಿಗಳ ಚಿತ್ರ ತೆಗೆದು ಇಟ್ಟಿದ್ದರು. ವೃದ್ಧಾಚಲದ ಅರ್ಧನಾರೀಶ್ವರ 1974ರಲ್ಲಿ, ಶ್ರೀಪುರಂತಾನಿನ ನಟರಾಜ 1994ರಲ್ಲಿ ಅವರ ಕ್ಯಾಮೆರಾಕ್ಕೆ ಸಿಕ್ಕಿದ್ದವು. ಕಳ್ಳರನ್ನು ಹಿಡಿಯುವುದು ಆ ವಿದ್ವಾಂಸರ ಉದ್ದೇಶವಾಗಿರಲಿಲ್ಲ; ಮೂರ್ತಿಲಕ್ಷಣ, ಆಗಮ, ವಾಸ್ತುವಿನ ಅಧ್ಯಯನಕ್ಕೆಂದು ಮಾಡಿದ ಕೆಲಸ ಅದು. ಆದರೆ ಪ್ರತಿ ಚಿತ್ರದ ಜೊತೆಗೆ ಊರಿನ ಹೆಸರು, ದೇವಸ್ಥಾನದ ಹೆಸರು ಬರೆದಿಟ್ಟಿದ್ದರು. ಆ ಎರಡು ಸಾಲು ಇಲ್ಲದಿದ್ದರೆ ಅವು ಸುಂದರ ಮೂರ್ತಿಗಳ ಸುಂದರ ಚಿತ್ರಗಳಾಗಿ ಉಳಿಯುತ್ತಿದ್ದವು, ಅಷ್ಟೆ. ಶ್ರೀಪುರಂತಾನಿನಲ್ಲಿ ಪೂಜೆ ನಿಂತು, ಗುಡಿ ಮುಚ್ಚಿತ್ತು. 2006ರಲ್ಲಿ ನಡೆದ ಕಳವು ಬೆಳಕಿಗೆ ಬಂದದ್ದೇ 2008ರಲ್ಲಿ. ಊರಿನವರ ನೆನಪೊಂದನ್ನೇ ನೆಚ್ಚಿ ಕ್ಯಾನ್‌ಬೆರಾದ ಗ್ಯಾಲರಿಯ ಮುಂದೆ ವಾದಿಸಿ ಗೆಲ್ಲಲು ಸಾಧ್ಯವಿತ್ತೇ?

ಸಾಧ್ಯವಿರಲಿಲ್ಲ. ಸಾಂಸ್ಕೃತಿಕ ಸೊತ್ತಿನ ಅಕ್ರಮ ಸಾಗಣೆ ಕುರಿತ ಯುನೆಸ್ಕೊದ 1970ರ ಒಡಂಬಡಿಕೆ ಈ ವಿಷಯದಲ್ಲಿ ನಿಷ್ಠುರವಾಗಿದೆ. ಕಳವಾದ ವಸ್ತು ವಸ್ತುಸಂಗ್ರಹಾಲಯದ ಅಥವಾ ಸ್ಮಾರಕದ ದಾಸ್ತಾನು ಪಟ್ಟಿಯಲ್ಲಿ ದಾಖಲಾಗಿರಬೇಕು. ಅದು ತನ್ನದೆಂಬ ಪುರಾವೆಯನ್ನು ಮರಳಿ ಕೇಳುವ ದೇಶವೇ ತನ್ನ ಖರ್ಚಿನಲ್ಲಿ ಒದಗಿಸಬೇಕು. ಹೊಲಕ್ಕೆ ಪಹಣಿ ಹೇಗೋ ಶಿಲ್ಪಕ್ಕೆ ಊರಿನ ಹೆಸರಿರುವ ಫೋಟೊ ಹಾಗೆ. ಆ ಪಹಣಿ ಕರ್ನಾಟಕದ ಎಷ್ಟು ಶಿಲ್ಪಗಳಿಗಿದೆ ಎಂಬುದು ನಮ್ಮನ್ನು ಕಾಡಬೇಕಾದ ಪ್ರಶ್ನೆ.

ದೇವಸ್ಥಾನದ ಬಾಗಿಲ ಹಿಂದಿರುವ ಮೂರ್ತಿಗಳಿಗಿಂತ ಬಯಲಲ್ಲಿ ನಿಂತಿರುವ ವೀರಗಲ್ಲು, ಮಾಸ್ತಿಕಲ್ಲುಗಳ ಸ್ಥಿತಿ ಹೆಚ್ಚು ಆತಂಕದ್ದು. ಕೆರೆಯ ಏರಿ, ಊರ ಮುಂದಿನ ಅರಳಿಕಟ್ಟೆ, ಹೊಲದ ಬದು, ಪಾಳುಗುಡಿಯ ಮಗ್ಗುಲು, ಎಲ್ಲೆಲ್ಲೂ ಅವು ಇವೆ. ಯಾರ ಅಪ್ಪಣೆಯೂ ಬೇಡದೆ ಯಾರು ಬೇಕಾದರೂ ನೋಡಬಹುದಾದ, ನಿಜವಾದ ಅರ್ಥದಲ್ಲಿ ಸಾರ್ವಜನಿಕ ಶಿಲ್ಪಗಳೆಂದರೆ ಇವೇ. ಅವುಗಳ ವಿನ್ಯಾಸವೂ ನಮಗೆ ಗೊತ್ತು. ಕೆಳಗಿನ ಅಂಕಣದಲ್ಲಿ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಅಥವಾ ಜಿನನ ಸನ್ನಿಧಿ, ತುದಿಯಲ್ಲಿ ಸೂರ್ಯ ಚಂದ್ರ. ಮಾಸ್ತಿಕಲ್ಲಾದರೆ ಬಳೆ ತೊಟ್ಟು ಮೇಲೆತ್ತಿದ ಕೈ. ಕಷ್ಟ ಇರುವುದು ಇಲ್ಲೇ. ಶತಮಾನಗಳುದ್ದಕ್ಕೂ ಊರೂರಲ್ಲಿ ಇದೇ ವಿನ್ಯಾಸ ಮರುಕಳಿಸಿರುವುದರಿಂದ, ಕಲ್ಲನ್ನಷ್ಟೇ ತುಂಬಿಕೊಂಡ ಫೋಟೊ ನೋಡಿ ಇದು ಸೊರಬದ್ದೋ ಹಾನಗಲ್ಲಿನದ್ದೋ ಎಂದು ಎದೆ ತಟ್ಟಿ ಹೇಳುವುದು ಪರಿಣತರಿಗೂ ಕಷ್ಟ. ಕಲ್ಲಿನ ಬಗೆ, ವೀರನ ತುರುಬು, ಆಯುಧದ ಆಕಾರ ನೋಡಿ ಕಾಲವನ್ನೂ ಸೀಮೆಯನ್ನೂ ಅಂದಾಜಿಸಬಹುದು, ಊರನ್ನು ಹೇಳಲಾಗದು. ಕಂಪ್ಯೂಟರಿನ ಚಿತ್ರ ಹುಡುಕಾಟವೂ ಇಲ್ಲಿ ಸೋಲುತ್ತದೆ. ಸಾವಿರಾರು ಜನ ಚಿತ್ರ ತೆಗೆದ ಹಂಪಿಯ ಕಲ್ಲಿನ ರಥವನ್ನು ಅದು ಕ್ಷಣದಲ್ಲಿ ಗುರುತಿಸೀತು. ಹಳ್ಳಿಯ ವೀರಗಲ್ಲಿಗೆ ಅದೇ ರೀತಿಯ ಬೇರೆ ಕಲ್ಲನ್ನು ತೋರಿಸುತ್ತದೆ.

ಕಲ್ಲನ್ನು ಊರಿನ ಹೆಸರಿನೊಂದಿಗೆ ದಾಖಲಿಸುವ ಕೆಲಸ ನಮ್ಮಲ್ಲಿ ಆಗಿಯೇ ಇಲ್ಲ ಎಂದರೆ ಹಿರಿಯರಿಗೆ ಅನ್ಯಾಯ ಮಾಡಿದಂತೆ. ಬಿ.ಎಲ್. ರೈಸ್ 1886ರಿಂದ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಪ್ರತಿ ಶಾಸನದ ತಲೆಯ ಮೇಲೆ ಅದು ಯಾವ ಊರಿನಲ್ಲಿ, ಯಾವ ಗುಡಿಯ ಯಾವ ದಿಕ್ಕಿಗೆ, ಎಷ್ಟನೇ ಕಲ್ಲು ಎಂಬ ವಿವರ ಇರುತ್ತದೆ. ಕನ್ನಡ ನಾಡಿನ ಚರಿತ್ರೆ ಬರೆದವರೆಲ್ಲ ಆ ಸಾಲುಗಳಿಗೆ ಋಣಿಗಳು. ಮುಂದೆ ಆರ್. ನರಸಿಂಹಾಚಾರ್, ಎಂ.ಎಚ್. ಕೃಷ್ಣ ಅವರ ಕಾಲದಲ್ಲಿ ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿಗಳಿಗೆ ಚಿತ್ರಗಳೂ ಸೇರಿದವು. ಆದರೆ ರೈಸ್ ಅರಸಿದ್ದು ಬರಹವನ್ನು. ಅಕ್ಷರವಿಲ್ಲದ ವೀರಗಲ್ಲು, ಎಷ್ಟೇ ಚೆಲುವಾಗಿರಲಿ, ಆ ಸಂಪುಟಗಳ ಹೊರಗೇ ಉಳಿಯಿತು. ಅಕ್ಷರವಿದ್ದ ಕಲ್ಲುಗಳೂ ಇದ್ದಲ್ಲಿ ಇಲ್ಲ. ಕೆರೆ ಹೂಳೆತ್ತುವಾಗ, ರಸ್ತೆ ಅಗಲವಾಗುವಾಗ, ಗುಡಿ ಜೀರ್ಣೋದ್ಧಾರವಾಗುವಾಗ ಅವು ಜಾಗ ಬದಲಿಸಿವೆ. ಕೆಲವು ಮಣ್ಣು ಸೇರಿವೆ. ಬೆಂಗಳೂರಿನ ಅತ್ಯಂತ ಹಳೆಯ ಕನ್ನಡ ಶಾಸನವೆಂದು ಗುರುತಿಸಲಾಗಿರುವ, ಸುಮಾರು ಕ್ರಿ.ಶ. 750ರ ಹೆಬ್ಬಾಳದ ಕಿತ್ತಯ್ಯನ ವೀರಗಲ್ಲು 2018ರಲ್ಲಿ ಸಿಕ್ಕಿದ್ದು ಚರಂಡಿ ತೋಡುವಾಗ. ಅದು ಉಳಿದದ್ದು ಅದೃಷ್ಟದಿಂದ.

ಜಾಗ ಬದಲಾದರೆ ಏನು ಮಹಾ ನಷ್ಟ ಎಂದು ಕೇಳುವವರಿದ್ದಾರೆ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಹಂದಿಯೊಡನೆ ಸೆಣಸುವ ನಾಯಿಯನ್ನು ಕೆತ್ತಿದ ಹತ್ತನೆಯ ಶತಮಾನದ ಒಂದು ಕಲ್ಲಿದೆ. ಅದು ಮದ್ದೂರಿನ ಬಳಿಯ ಆತಕೂರಿನದು, ಆ ನಾಯಿಯ ಹೆಸರು ಕಾಳಿ, ಅದರ ನೆನಪಿಗೆ ನೆಟ್ಟ ಕಲ್ಲಿನ ಮೇಲೆಯೇ ರಾಷ್ಟ್ರಕೂಟರಿಗೂ ಚೋಳರಿಗೂ ನಡೆದ ತಕ್ಕೋಲದ ಯುದ್ಧದ ಸುದ್ದಿಯೂ ಇದೆ ಎಂಬುದೆಲ್ಲ ಬರಹದಿಂದ ಗೊತ್ತಾಯಿತು, ಊರಿನೊಂದಿಗೆ ಬೆಸೆದುಕೊಂಡಿತು. ಊರು ಅಳಿಸಿಹೋದರೆ ಉಳಿಯುವುದು ಒಂದು ನಾಯಿ, ಒಂದು ಹಂದಿ.

ನಗರದ ಪ್ರತಿಮೆಗಳಿಗೂ ಇದು ಅನ್ವಯಿಸುತ್ತದೆ. ಮರೊಚೆಟ್ಟಿ ಎಂಬ ಶಿಲ್ಪಿ ಮಾಡಿದ, 1866ರಲ್ಲಿ ಸ್ಥಾಪನೆಯಾದ, ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಅವರ ಕುದುರೆ ಸವಾರಿಯ ಪ್ರತಿಮೆ ದೀರ್ಘಕಾಲ ಹೈಕೋರ್ಟ್ ಕಟ್ಟಡದ ಅಂಗಳದಲ್ಲಿತ್ತು. 2020ರಲ್ಲಿ ಕಬ್ಬನ್ ಪಾರ್ಕಿನ ಒಳಗೆ ಹೋಯಿತು. ಹಿನ್ನೆಲೆಯಲ್ಲಿ ಹೈಕೋರ್ಟಿನ, ಅಂದರೆ ಅಠಾರಾ ಕಚೇರಿಯ, ಕೆಂಪು ಗೋಡೆ ಕಂಡರೆ ಆ ಫೋಟೊ 2020ಕ್ಕಿಂತ ಹಿಂದಿನದು. ಹಂಪಿಯಲ್ಲಿಯೂ ಇಂಥದೇ ಪಾಠವಿದೆ. ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ತೆಗೆದ ವಿಠ್ಠಲ ದೇವಸ್ಥಾನದ ಕಲ್ಲಿನ ರಥದ ಚಿತ್ರದಲ್ಲಿ ಮೇಲೆ ಇಟ್ಟಿಗೆಯ ಶಿಖರವಿದೆ; ಇಂದು ಇಲ್ಲ. ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ 1980ರ ದಶಕದಲ್ಲಿ ಗ್ರೀನ್‌ಲಾ ನಿಂತ ಜಾಗಗಳಲ್ಲೇ ನಿಂತು ಮತ್ತೆ ಚಿತ್ರ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟಾಗ ಏನು ಉಳಿಯಿತು, ಏನು ಹೋಯಿತು ಎಂಬುದು ಕಣ್ಣಿಗೆ ಹೊಡೆಯುತ್ತದೆ. ಗ್ರೀನ್‌ಲಾ ಸುತ್ತಲಿನ ಬಂಡೆ, ಗೋಡೆ, ಕಂಬಗಳನ್ನೂ ಚೌಕಟ್ಟಿನೊಳಗೆ ತಂದದ್ದರಿಂದಲೇ ಇದು ಆಯಿತು.

ಇಂದಿನ ನಮ್ಮ ರೂಢಿ ಇದಕ್ಕೆ ತದ್ವಿರುದ್ಧ. ಮುಖಕ್ಕೆ ಹತ್ತಿರ ಹೋಗಿ, ಹಿನ್ನೆಲೆ ಮಸುಕು ಮಾಡಿ ತೆಗೆಯುತ್ತೇವೆ. ಬಾಹುಬಲಿಯ ಮುಖದ ಚಿತ್ರಗಳು ಶ್ರವಣಬೆಳಗೊಳ, ಕಾರ್ಕಳ, ವೇಣೂರುಗಳ ನಡುವೆ ಹೆಸರು ಅದಲುಬದಲಾಗಿ ಹರಿದಾಡುವುದು ಇದೇ ಕಾರಣಕ್ಕೆ. ಶ್ರವಣಬೆಳಗೊಳದಲ್ಲಿ ಪಾದದ ಪಕ್ಕದ ಹುತ್ತ ಮತ್ತು ಚಾವುಂಡರಾಯನ ಶಾಸನವಾಗಲಿ, ಕಾರ್ಕಳದಲ್ಲಿ ಮೂರ್ತಿಯ ಎದುರಿನ ಬ್ರಹ್ಮದೇವ ಸ್ತಂಭವಾಗಲಿ ಚಿತ್ರದಲ್ಲಿ ಬಂದಿದ್ದರೆ ಗೊಂದಲಕ್ಕೆ ಜಾಗವೇ ಇರುತ್ತಿರಲಿಲ್ಲ. ಮೊಬೈಲು ಸ್ಥಳದ ಅಕ್ಷಾಂಶ, ರೇಖಾಂಶವನ್ನು ಚಿತ್ರದ ಜೊತೆ ಬರೆದುಕೊಳ್ಳಬಲ್ಲದು, ನಿಜ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದೊಡನೆ ಆ ಮಾಹಿತಿ ಕಳಚಿಹೋಗುತ್ತದೆ.

ಊರು, ಜಾಗ ಪ್ರಕಟಿಸಿದರೆ ಕಳ್ಳರಿಗೇ ದಾರಿ ತೋರಿಸಿದಂತಲ್ಲವೇ ಎಂಬ ಭಯವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಶ್ರೀಪುರಂತಾನಿನ ಕಳ್ಳರು ಗುಡಿಯನ್ನು ಹುಡುಕಲು ಯಾವ ದಾಖಲೆಯ ಮೊರೆಯನ್ನೂ ಹೋಗಬೇಕಿರಲಿಲ್ಲ. ಪೂಜೆ ನಿಂತ ಗುಡಿಯ ಸುದ್ದಿ ಸುತ್ತಲಿನವರಿಗೆ ಗೊತ್ತೇ ಇರುತ್ತದೆ. ದಾಖಲೆಯ ಅಭಾವದಿಂದ ಲಾಭವಾಗುವುದು ಕೊಳ್ಳುವವನಿಗೆ. ಊರಿನ ಹೆಸರಿನೊಂದಿಗೆ ಬಹಿರಂಗವಾದ ಶಿಲ್ಪವನ್ನು ಯಾವ ಗ್ಯಾಲರಿಯೂ ನೆಮ್ಮದಿಯಿಂದ ಗೋಡೆಗೆ ಒರಗಿಸಲಾರದು. ನಿಖರ ಅಂಕಿಗಳನ್ನು ಇಲಾಖೆ ತನ್ನಲ್ಲಿಟ್ಟುಕೊಂಡು ಊರು ಮತ್ತು ಚಿತ್ರವನ್ನು ಬಹಿರಂಗಗೊಳಿಸಿದರೂ ಸಾಕು. ಕಾನೂನಿನ ತೊಡಕೂ ಇಲ್ಲ: ಸಾರ್ವಜನಿಕ ಸ್ಥಳದಲ್ಲಿ ಶಾಶ್ವತವಾಗಿ ನಿಂತಿರುವ ಶಿಲ್ಪದ ಫೋಟೊ ತೆಗೆದು ಪ್ರಕಟಿಸುವುದು 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಉಲ್ಲಂಘನೆಯಲ್ಲ.

ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡುತ್ತಿರುವುದು ದೊಡ್ಡ ಕೆಲಸ. ಅಮೆರಿಕದಲ್ಲಿ 1989ರಲ್ಲಿ ಆರಂಭವಾದ ಬಯಲು ಶಿಲ್ಪಗಳ ಸಮೀಕ್ಷೆ ಸಾವಿರಾರು ಸ್ವಯಂಸೇವಕರಿಂದ 30 ಸಾವಿರಕ್ಕೂ ಹೆಚ್ಚು ಶಿಲ್ಪಗಳನ್ನು ದಾಖಲಿಸಿತು. ಅಂಥ ಸ್ವಯಂಸೇವಕರು ನಮ್ಮ ಪ್ರೌಢಶಾಲೆಗಳಲ್ಲಿ, ಕಾಲೇಜುಗಳ ಇತಿಹಾಸ ವಿಭಾಗಗಳಲ್ಲಿ ಇದ್ದಾರೆ. ಒಂದು ಕಲ್ಲಿಗೆ ನಾಲ್ಕು ಚಿತ್ರ ಸಾಕು: ಎದುರಿನದು, ಹಿಂಬದಿಯದು, ಮುಕ್ಕಾದ ಭಾಗದ್ದು, ಸುತ್ತಲಿನ ಮರ, ಗುಡಿ, ಏರಿಯೆಲ್ಲ ಕಾಣುವಂತೆ ದೂರದಿಂದ ತೆಗೆದದ್ದು. ಜೊತೆಗೆ ಊರು, ಹೋಬಳಿ, ತಾಲ್ಲೂಕು, ತಾರೀಖು, ಊರಿನವರು ಆ ಕಲ್ಲನ್ನು ಕರೆಯುವ ಹೆಸರು. ಅದು ಗ್ರಾಮ ಪಂಚಾಯಿತಿಯ ಆಸ್ತಿ ವಹಿಯಲ್ಲಿ ಒಂದು ನಮೂದಾಗಬೇಕು, ಅದರ ಪ್ರತಿ ಪುರಾತತ್ವ ಇಲಾಖೆಗೆ ತಲುಪಬೇಕು. ಎಲ್ಲಕ್ಕೂ ಮೊದಲು ಕೆರೆ ಹೂಳೆತ್ತುವ, ರಸ್ತೆ ಅಗಲ ಮಾಡುವ ಕಾಮಗಾರಿಗಳ ಜಾಗದಲ್ಲಿ ಇದು ಆಗಬೇಕು. ಆ ಚಿತ್ರಗಳು ಕಡತಕ್ಕೆ ಸೇರುವ ತನಕ ಜೆಸಿಬಿ ಇಳಿಸುವಂತಿಲ್ಲ ಎಂಬ ಷರತ್ತು ಟೆಂಡರಿನಲ್ಲೇ ಇರಬೇಕು.