ರತ್ನಗಂಬಳಿಯ ಹೊಣೆಪತ್ರ

ಕಳೆದ ವರ್ಷ ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ಮಗಳ ನಿಶ್ಚಿತಾರ್ಥವಾಯಿತು. ಬೀಗರಿಗೆ ಹಾಸುವುದಕ್ಕೆಂದು ಒಂದು ತಿಂಗಳ ಪಿಂಚಣಿಯನ್ನು ಸುರಿದು ಬೆಂಗಳೂರಿನಿಂದ ರತ್ನಗಂಬಳಿಯೊಂದನ್ನು ತಂದೆನು. “ಹತ್ತು ವರ್ಷ ಗ್ಯಾರಂಟಿ, ಮೇಷ್ಟ್ರೇ” ಎಂದಿದ್ದನು ವರ್ತಕನು. ಮೂರು ತಿಂಗಳಲ್ಲಿ ಬಾಗಿಲ ಬಳಿ ಜುಂಗು ಮಲಗಿತು. ಹಾಲು ಚೆಲ್ಲಿದಲ್ಲಿ ಕಲೆ ನಿಂತಿತು. ಕೇಳಹೋದರೆ ಹೊಣೆಪತ್ರವನ್ನು ತೋರಿಸಿದನು. ಎಳೆ ಸವೆದು ಉದುರಿದರೆ ಮಾತ್ರ ಹೊಣೆ. ಜುಂಗು ಮಲಗಿದರೂ ಕಲೆಯಾದರೂ ಇಲ್ಲ. ಮೂವತ್ತೈದು ವರ್ಷ ಮಕ್ಕಳಿಗೆ ಪದಚ್ಛೇದ, ಅನ್ವಯಗಳನ್ನು ಕಲಿಸಿದ ನಾನು ಆ ಕಾಗದವನ್ನು ಓದಿರಲಿಲ್ಲ!

ಆದಕಾರಣ ಗೃಹಸ್ಥರು ಹಣ ಕೊಡುವ ಮೊದಲೇ ಕೇಳತಕ್ಕದ್ದಿಷ್ಟು: ಹೊಣೆ ಯಾವ ದೋಷಕ್ಕೆ? ಹೊಣೆಗಾರನು ವರ್ತಕನೋ, ತಯಾರಕನೋ? ವರ್ಷ ಕಳೆದಂತೆ ಪರಿಹಾರದ ಮೊತ್ತ ಇಳಿಯುವುದೋ? ಹೇಗೆ ತೊಳೆದರೆ ಹೊಣೆ ತಪ್ಪುವುದು? ಉತ್ತರಗಳನ್ನು ರಸೀತಿಯ ಮೇಲೆಯೇ ಬರೆಸಿಕೊಳ್ಳಬೇಕು.

ಕಾನೂನಿನಲ್ಲಿಯೂ ಒಂದು ಭೇದವುಂಟು. 1930ರ ಸರಕು ಮಾರಾಟ ಕಾಯಿದೆಯಂತೆ ಷರತ್ತು ಬೇರೆ, ವಾರಂಟಿ ಬೇರೆ. ಷರತ್ತು ಮುರಿದರೆ ಸರಕನ್ನೇ ನಿರಾಕರಿಸಬಹುದು. ವಾರಂಟಿ ಮುರಿದರೆ ನಷ್ಟಪರಿಹಾರ ಮಾತ್ರ. ಮಾದರಿ ನೋಡಿ ಕೊಂಡ ಸರಕು ಗುಣದಲ್ಲಿ ಮಾದರಿಯಂತಿರಬೇಕೆಂಬುದು ಷರತ್ತೇ. ಆದುದರಿಂದ ಮಾದರಿಯ ತುಂಡನ್ನು ಕೇಳಿ ಇಟ್ಟುಕೊಳ್ಳಿರಿ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಜಿಲ್ಲಾ ಆಯೋಗಕ್ಕೆ ದೂರು ಕೊಡಲು, ದೂರಿಗೆ ಕಾರಣ ಹುಟ್ಟಿದಂದಿನಿಂದ ಎರಡು ವರ್ಷಗಳ ಅವಧಿಯುಂಟು.

ಇಷ್ಟೆಲ್ಲ ತೊಡಕು ಬೇಡವೆನ್ನುವವರಿಗೆ ನವಲಗುಂದದ ಹತ್ತಿಯ ಜಮಖಾನವಿದೆ. ಅದಕ್ಕೆ ಜುಂಗೇ ಇಲ್ಲ, ಮಲಗುವುದೆಲ್ಲಿ ಬಂತು? ನಮ್ಮ ಮನೆಯಲ್ಲಂತೂ ಆ ಕಲೆಯ ಮೇಲೆ ಕುರ್ಚಿಯಿಟ್ಟು, ಬೀಗರು ಬಂದಾಗಲೆಲ್ಲ ನಾನೇ ಕುಳಿತಿರುತ್ತೇನೆ.