ಲೆಕ್ಕ ಮೊದಲು ಕೈಗೆ ಸಿಗಲಿ

ಸೊಲ್ಲಾಪುರ, ಅಕ್ಕಲಕೋಟ, ಜತ್ತ ಭಾಗದ ನಮ್ಮ ಮನೆಗಳಲ್ಲಿ ಮಕ್ಕಳು ಎರಡು ಭಾಷೆ ಕೇಳುತ್ತಲೇ ಬೆಳೆಯುತ್ತಾರೆ. ಅಡುಗೆಮನೆಯಲ್ಲಿ ಕನ್ನಡ, ಅಂಗಡಿ ಹಾಗೂ ಬಸ್‌ಸ್ಟ್ಯಾಂಡಿನಲ್ಲಿ ಮರಾಠಿ. ಇದು ಗಡಿ ಮಕ್ಕಳ ಆಸ್ತಿ. ಆದರೆ ಒಂದನೇ, ಎರಡನೇ ಇಯತ್ತೆಯ ಗಣಿತದಲ್ಲಿ ಇದೇ ಆಸ್ತಿ ಕೆಲವೊಮ್ಮೆ ಕಾಲಿಗೆ ತೊಡರುತ್ತದೆ. ಆಗ ನಾವು 'ಇವಗ ಲೆಕ್ಕ ತಲಿಗಿ ಹತ್ತಂಗಿಲ್ಲ' ಎಂದು ಹಣೆಪಟ್ಟಿ ಹಚ್ಚಿ ಸುಮ್ಮನಾಗುತ್ತೇವೆ. ಆ ಹಣೆಪಟ್ಟಿ ಹತ್ತನೇ ಇಯತ್ತೆಯವರೆಗೂ ಮಗುವನ್ನು ಬಿಡುವುದಿಲ್ಲ.

ತೊಡಕು ಎಲ್ಲಿದೆ ನೋಡಿ. ಕನ್ನಡದಲ್ಲಿ 34ಕ್ಕೆ ಮೂವತ್ತನಾಲ್ಕು. ಮೊದಲು ಹತ್ತುಗಳು, ಆಮೇಲೆ ಬಿಡಿ. ಬರೆಯುವುದೂ ಅದೇ ಕ್ರಮದಲ್ಲಿ. ಮರಾಠಿಯಲ್ಲಿ ಅದೇ 34 'ಚೌತೀಸ'. ನಾಲ್ಕು ಮೊದಲು ಬಾಯಿಗೆ ಬರುತ್ತದೆ, ಮೂವತ್ತು ಆಮೇಲೆ. ಕೇಳಿದ ಕ್ರಮದಲ್ಲೇ ಬರೆದ ಮಗು 43 ಎಂದು ಬರೆದರೆ ಆಶ್ಚರ್ಯವೇನು? 29 ಇನ್ನೂ ಕಠಿಣ. 'ಏಕೋಣತೀಸ' ಎಂದರೆ ಮೂವತ್ತಕ್ಕೆ ಒಂದು ಕಮ್ಮಿ. ಹಾಗಂತ ಕನ್ನಡದ್ದೇನೂ ಪೂರಾ ಸಲೀಸಲ್ಲ. ಒಂಬತ್ತು, ತೊಂಬತ್ತು ಎರಡೂ ಎಳೆ ಕಿವಿಗೆ ಒಂದೇ ಥರ ಕೇಳಿಸುತ್ತವೆ.

ಈ ವಿಷಯ ಮಹಾರಾಷ್ಟ್ರದಲ್ಲಿ ಹೊಸದಲ್ಲ. 2019ರಲ್ಲಿ ಬಾಲಭಾರತಿಯ ಎರಡನೇ ಇಯತ್ತೆಯ ಗಣಿತ ಪುಸ್ತಕದಲ್ಲಿ 'ಏಕವೀಸ'ದ ಜೊತೆಗೆ 'ವೀಸ ಏಕ' ಎಂದು ಬಿಡಿಸಿ ಓದುವ ಪದ್ಧತಿ ಬಂದಿತ್ತು. ಜೋಡಕ್ಷರದ ಹೆಸರುಗಳು ಎಳೆ ಮಕ್ಕಳಿಗೆ ಭಾರ ಎಂಬುದು ಗಣಿತಜ್ಞೆ ಮಂಗಳಾ ನಾರಳೀಕರ ಅವರ ನೇತೃತ್ವದ ಸಮಿತಿಯ ವಾದವಾಗಿತ್ತು. ಮರಾಠಿ ಕೆಡುತ್ತದೆ ಎಂದು ಗದ್ದಲವಾಗಿ ಮಾತು ವಿಧಾನಸಭೆಯವರೆಗೂ ಹೋಯಿತು. ವಾದ ಯಾರದ್ದೇ ಸರಿಯಿರಲಿ, ಸಂಖ್ಯೆಯ ಹೆಸರೇ ಮಗುವಿಗೆ ಎಡವುಗಲ್ಲು ಆಗಬಲ್ಲದು ಎಂಬುದನ್ನು ಆ ಗದ್ದಲ ಎಲ್ಲರಿಗೂ ತಿಳಿಸಿತು.

ಇದಕ್ಕೆ ಉಪಾಯ ಮನೆಯಲ್ಲೇ ಇದೆ. ಹೆಸರು ಹೇಳಿಸುವ ಮೊದಲು ಸಂಖ್ಯೆಯನ್ನು ಕೈಗೆ ಕೊಡಬೇಕು. ಕಡ್ಡಿಪೆಟ್ಟಿಗೆಯ ಖಾಲಿ ಕಡ್ಡಿಯಾಗಲಿ, ಜೋಳದ ದಂಟಿನ ಸೀಳಾಗಲಿ, ಹತ್ತಕ್ಕೊಂದು ಕಟ್ಟು ಕಟ್ಟಿ ರಬ್ಬರ್ ಹಾಕಿ. ಮೂರು ಕಟ್ಟು, ನಾಲ್ಕು ಬಿಡಿ ಕಡ್ಡಿ ಮುಂದಿಟ್ಟು ಕನ್ನಡದಲ್ಲಿ ಮೂವತ್ತನಾಲ್ಕು ಎನ್ನಿ, ಮರಾಠಿಯಲ್ಲಿ ಚೌತೀಸ ಎನ್ನಿ. ಹೆಸರು ಎರಡು, ರಾಶಿ ಒಂದೇ ಎಂಬುದನ್ನು ಮಗು ಕಣ್ಣಾರೆ ಕಾಣುತ್ತದೆ.

ಕಳೆಯುವ ಲೆಕ್ಕವನ್ನೇ ತೆಗೆದುಕೊಳ್ಳಿ. 42ರಲ್ಲಿ 17 ಹೋದರೆ ಎಷ್ಟು? ಎರಡರಲ್ಲಿ ಏಳು ಹೋಗುವುದಿಲ್ಲ, 'ಬಾಜೂದವರ ಹತ್ರ ಸಾಲ ತಗೋ' ಎಂದು ನಾವು ಕಲಿತೆವು. ಸಾಲ ಯಾಕೆ, ಒಂದು ತಂದರೆ ಹತ್ತು ಹೇಗಾಯಿತು ಎಂದು ಯಾರೂ ಹೇಳಲಿಲ್ಲ. ಕಡ್ಡಿ ಇದ್ದರೆ ಹೇಳುವ ಜರೂರೇ ಇಲ್ಲ. ಒಂದು ಕಟ್ಟು ಬಿಚ್ಚಿದರೆ ಬಿಡಿ ಕಡ್ಡಿ ಹನ್ನೆರಡಾಗುತ್ತವೆ. ಅದರಲ್ಲಿ ಏಳು ತೆಗೆದರೆ ಐದು, ಉಳಿದ ಮೂರು ಕಟ್ಟಿನಲ್ಲಿ ಒಂದು ತೆಗೆದರೆ ಎರಡು. ಉತ್ತರ 25. ಹಾಗೆಯೇ ಅರ್ಧ, ಪಾವು, ಮುಕ್ಕಾಲು ಕಲಿಸಲು ಒಂದು ರೊಟ್ಟಿ ಸಾಕು.

'ನಾವೇನು ಮಾಸ್ತರರೇ?' ಎಂದು ತಾಯಂದಿರು ಕೇಳಬಹುದು. ಅಮೆರಿಕದಲ್ಲಿ ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುವ ಕ್ರೈಸ್ತ ಕುಟುಂಬಗಳು ಬಹಳ. ಅಲ್ಲಿ ಎಷ್ಟೋ ಮನೆಗಳಲ್ಲಿ ತಾಯಿಯೇ ಊಟದ ಮೇಜಿನ ಮೇಲೆ ಬಣ್ಣದ ತುಂಡುಗಳನ್ನಿಟ್ಟು ಗಣಿತ ಕಲಿಸುತ್ತಾಳೆ. ಅಂಥವುಗಳಲ್ಲಿ ಹೆಸರಾದದ್ದು ಬೆಲ್ಜಿಯಂನ ಶಿಕ್ಷಕ ಜಾರ್ಜ್ ಕ್ವಿಸೆನೇರ್ ರೂಪಿಸಿದ, ಒಂದರಿಂದ ಹತ್ತು ಸೆಂಟಿಮೀಟರ್ ಉದ್ದದ ಬಣ್ಣದ ಕಡ್ಡಿಗಳು. ನಮಗೆ ಸಾಲಿ ಬಿಡಿಸುವ ಮಾತಿಲ್ಲ. ಸಂಜೆ ಹದಿನೈದು ನಿಮಿಷ ಕೊಟ್ಟರೆ ಸಾಕು, ಅಕ್ಷರ ಬಾರದ ಅಜ್ಜಿಯೂ ಕಟ್ಟು ಎಣಿಸಿ ತೋರಿಸಬಲ್ಲಳು. ಹುಣಸಿ ಬೀಜ ಬಳಸುವವರು ಮಾತ್ರ ಚಿಕ್ಕ ಕೂಸಿನ ಕೈಗೆ, ಮೂಗಿಗೆ ಅದು ಹೋಗದಂತೆ ನೋಡಿಕೊಳ್ಳಬೇಕು.

ಕಡ್ಡಿಯಲ್ಲೇ ನಿಂತರೂ ಆಗದು. ಕಡ್ಡಿಯಿಂದ ಚಿತ್ರಕ್ಕೆ, ಚಿತ್ರದಿಂದ ಅಂಕಿಗೆ ಮಗು ದಾಟಬೇಕು. ಬೆಂಗಳೂರಿನ ಅಕ್ಷರ ಫೌಂಡೇಶನ್‌ನ 'ಗಣಿತ ಕಲಿಕಾ ಆಂದೋಲನ' ಕರ್ನಾಟಕದ ಸರಕಾರಿ ಶಾಲೆಗಳಿಗೆ ಗಣಿತದ ಕಿಟ್ ಕೊಟ್ಟು ಅನುಸರಿಸಿದ್ದು ಇದೇ ಕ್ರಮ. ಕೇಂದ್ರ ಸರಕಾರ 2021ರಲ್ಲಿ ಆರಂಭಿಸಿದ ನಿಪುಣ ಭಾರತ ಯೋಜನೆಯ ಗುರಿಯೂ ಮೂರನೇ ತರಗತಿ ಮುಗಿಯುವುದರೊಳಗೆ ಪ್ರತಿ ಮಗುವಿಗೆ ಓದು, ಲೆಕ್ಕ ಬರಬೇಕೆಂಬುದು.

ಗಡಿಯ ಈಚೆ ಇರುವ ಕನ್ನಡ ಶಾಲೆಗಳ ಮಕ್ಕಳು ಈ ಗುರಿಯಿಂದ ಹೊರಗುಳಿಯಬಾರದು. ಜಿಲ್ಲಾ ಪರಿಷತ್ತು ಕೊಡುವ ಸಾಮಗ್ರಿಯ ಜೊತೆ ಕನ್ನಡದಲ್ಲಿ ಸೂಚನೆ ಇರಲಿ, ಶಿಕ್ಷಕರ ತರಬೇತಿ ಕನ್ನಡದಲ್ಲೂ ನಡೆಯಲಿ. ಸಾಮಗ್ರಿ ಕಪಾಟಿನಲ್ಲಿದೆಯೋ ಮಕ್ಕಳ ಕೈಯಲ್ಲಿದೆಯೋ ಎಂದು ಶಾಲಾ ವ್ಯವಸ್ಥಾಪನ ಸಮಿತಿಯಲ್ಲಿರುವ ಪಾಲಕರು ಕೇಳಲಿ. ನಮ್ಮ ಮಕ್ಕಳು ದಡ್ಡರಲ್ಲ, ಎರಡೆರಡು ಭಾಷೆಯಲ್ಲಿ ಎಣಿಸಬಲ್ಲವರು. ಅವರಿಗೆ ಬೇಕಾದದ್ದು ಒಂದು ಹಿಡಿ ಕಡ್ಡಿ, ದಿನಕ್ಕೆ ಕಾಲು ತಾಸು. ಅಷ್ಟನ್ನಾದರೂ ಕೊಡೋಣ.